ತೂಕಡಿಸಿದ ಅಧ್ಯಕ್ಷ, ಎಚ್ಚೆತ್ತ ನ್ಯಾಯಮೂರ್ತಿ

ಸಭೆಯಲ್ಲಿ ತೂಕಡಿಸುವ ಅಧಿಕಾರಿಯನ್ನು ಕುಂಭಕರ್ಣನೆಂದು ಕರೆದು ನಕ್ಕುಬಿಡುವುದು ನಮ್ಮಲ್ಲಿ ರೂಢಿ. ಸರ್ಕಾರಿ ಸೇವೆಯ ಕೊನೆಯ ವರ್ಷಗಳಲ್ಲಿ ಆ ಬಿರುದು ನನಗೂ ಸಂದಿತ್ತು. ಕಡತ ಓದುತ್ತಿರುವಾಗಲೇ ಕಣ್ಣು ಮುಚ್ಚುತ್ತಿತ್ತು. ಬೆಳಿಗ್ಗೆ ಬರೆದ ಟಿಪ್ಪಣಿ ಸಂಜೆಗೆ ಮರೆತಿರುತ್ತಿತ್ತು. ಸಣ್ಣ ಮಾತಿಗೂ ಸಿಡುಕುತ್ತಿದ್ದೆ. ನಿವೃತ್ತಿಯ ನಂತರ ಕಲಬುರಗಿಯ ವೈದ್ಯರೊಬ್ಬರು ಒಂದು ರಾತ್ರಿಯ ನಿದ್ರೆಯನ್ನು ಪರೀಕ್ಷಿಸಿ, ಇದು ಸ್ಲೀಪ್ ಅಪ್ನಿಯಾ ಎಂದು ತಿಳಿಸಿದರು. ಮಲಗಿದಾಗ ಗಂಟಲಿನ ಮೃದು ಭಾಗ ಕುಸಿದು ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ದೇಹವನ್ನು ಎಬ್ಬಿಸುತ್ತದೆ. ರಾತ್ರಿಯಿಡೀ ಇದು ನೂರಾರು ಸಲ ನಡೆದರೂ ಮಲಗಿದವನಿಗೆ ಅದರ ಅರಿವಿರುವುದಿಲ್ಲ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ 27ನೆಯ ಅಧ್ಯಕ್ಷ ವಿಲಿಯಂ ಹೊವರ್ಡ್ ಟಾಫ್ಟ್ ಅವರ ಜೀವನ ಕಥೆ.

ಟಾಫ್ಟ್ 1857ರಲ್ಲಿ ಓಹಿಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಜನಿಸಿದರು. ಯೇಲ್‌ನಲ್ಲಿ ಓದಿ ವಕೀಲರಾದರು, ಬಳಿಕ ನ್ಯಾಯಾಧೀಶರಾದರು. ಸುಪ್ರೀಂ ಕೋರ್ಟಿನ ಪೀಠವೇ ಅವರ ಜೀವನದ ಹಂಬಲ. ಆದರೆ ವಿಧಿ ಅವರನ್ನು ಆಡಳಿತಕ್ಕೆ ಎಳೆಯಿತು. 1901ರಲ್ಲಿ ಫಿಲಿಪ್ಪೀನ್ಸ್‌ನ ಗವರ್ನರ್ ಆದರು. ಅಲ್ಲಿದ್ದಾಗಲೇ ಸುಪ್ರೀಂ ಕೋರ್ಟಿನ ಸ್ಥಾನ ಒಲಿದು ಬಂದರೂ, ಕೈಗೊಂಡ ಕೆಲಸ ಮುಗಿದಿಲ್ಲವೆಂದು ನಿರಾಕರಿಸಿದರು. ನಂತರ ಥಿಯೊಡೋರ್ ರೂಸ್‌ವೆಲ್ಟ್ ಅವರ ಸಂಪುಟದಲ್ಲಿ ಯುದ್ಧ ಸಚಿವರಾದರು. ರೂಸ್‌ವೆಲ್ಟ್ ಮತ್ತು ಪತ್ನಿ ಹೆಲೆನ್ ಅವರ ಒತ್ತಾಸೆಯಿಂದ 1909ರ ಮಾರ್ಚ್ 4ರಂದು ಅಧ್ಯಕ್ಷ ಪದವಿಗೇರಿದರು. ಎರಡೇ ತಿಂಗಳಲ್ಲಿ ಹೆಲೆನ್ ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಕಳೆದುಕೊಂಡರು.

ಟಾಫ್ಟ್ ಅವರ ತೂಕ ಆಗ 150 ಕಿಲೋ ದಾಟಿತ್ತು. ಅತಿಥಿಗಳೊಡನೆ ಮಾತನಾಡುತ್ತಲೇ, ಇಸ್ಪೀಟು ಆಡುತ್ತಲೇ, ಸಾರ್ವಜನಿಕ ಸಮಾರಂಭಗಳಲ್ಲಿ ಕುಳಿತಲ್ಲೇ ಅವರು ನಿದ್ದೆಗೆ ಜಾರುತ್ತಿದ್ದರು. ಅವರ ಸೇನಾ ಸಹಾಯಕ ಆರ್ಚಿಬಾಲ್ಡ್ ಬಟ್ ಮನೆಯವರಿಗೆ ಬರೆದ ಪತ್ರಗಳಲ್ಲಿ ಇದನ್ನು ಕಳವಳದಿಂದ ದಾಖಲಿಸಿದ್ದಾರೆ. ಆ ಬಟ್ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿಹೋದರು. ಅದೇ ವರ್ಷದ ಚುನಾವಣೆಯಲ್ಲಿ, ಮುನಿಸಿಕೊಂಡ ರೂಸ್‌ವೆಲ್ಟ್ ಎದುರಾಳಿಯಾಗಿ ನಿಂತದ್ದರಿಂದ ಪಕ್ಷದ ಮತ ಒಡೆಯಿತು. ಟಾಫ್ಟ್ ಗೆದ್ದದ್ದು ಎರಡೇ ರಾಜ್ಯಗಳನ್ನು.

ಹಾಗೆಂದು ಸೋಲಿಗೆ ನಿದ್ದೆಯೇ ಕಾರಣವೆಂದು ನಾನು ಹೇಳಲಾರೆ. ಜೊತೆಜೊತೆಗೆ ನಡೆದ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲವೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠ. ಸುಂಕ ನೀತಿಯ ಜಗಳ, ಪಕ್ಷದ ಒಳಬಿರುಕು ಇವಕ್ಕೆ ಬೇರೆಯೇ ಬೇರುಗಳಿದ್ದವು.

ಗಮನಿಸಬೇಕಾದುದು ಮುಂದಿನ ಕಥೆ. ಪದವಿ ಬಿಟ್ಟು ಯೇಲ್‌ನಲ್ಲಿ ಕಾನೂನು ಬೋಧಿಸಲು ಹೋದ ಟಾಫ್ಟ್, 1913ರ ಕೊನೆಯೊಳಗೆ ಸುಮಾರು 30 ಕಿಲೋ ತೂಕ ಇಳಿಸಿದರು. ಹಗಲಿನ ತೂಕಡಿಕೆ ಬಹುಪಾಲು ಅಡಗಿತು. 1921ರಲ್ಲಿ ಮುಖ್ಯ ನ್ಯಾಯಮೂರ್ತಿಯಾದಾಗ ಅವರು 63ರ ಹರಯದವರು. ಯಾವ ಪ್ರಕರಣಗಳನ್ನು ವಿಚಾರಣೆಗೆ ಎತ್ತಿಕೊಳ್ಳಬೇಕೆಂದು ಸುಪ್ರೀಂ ಕೋರ್ಟೇ ಬಹುಮಟ್ಟಿಗೆ ನಿರ್ಧರಿಸುವ 1925ರ ಕಾಯ್ದೆ ಅವರ ಪ್ರಯತ್ನದ ಫಲ. ನ್ಯಾಯಾಲಯಕ್ಕೆ ಸ್ವಂತ ಕಟ್ಟಡ ಬೇಕೆಂದು ಪಟ್ಟುಹಿಡಿದವರೂ ಅವರೇ. ಅದು 1935ರಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ಅವರಿರಲಿಲ್ಲ. 1930ರ ಮಾರ್ಚ್ 8ರಂದು ತೀರಿಕೊಂಡಿದ್ದರು. ಆ ದೇಶದಲ್ಲಿ ಈ ಎರಡೂ ಹುದ್ದೆಗಳನ್ನು ಅಲಂಕರಿಸಿದವರು ಅವರೊಬ್ಬರೇ.

ಟಾಫ್ಟ್ ಅವರ ಕಾಲದಲ್ಲಿ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ಅವರಿಗೆ ಸ್ಲೀಪ್ ಅಪ್ನಿಯಾ ಇತ್ತೆಂದು ದಾಖಲೆಗಳ ಆಧಾರದಿಂದ ಹೃದ್ರೋಗ ತಜ್ಞ ಜಾನ್ ಸೋಟೋಸ್ ವಾದಿಸಿದ್ದು 2003ರಲ್ಲಿ. ಮೂಗಿನ ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಿಂದ ಹಾಯಿಸಿ ಉಸಿರಿನ ದಾರಿ ತೆರೆದಿಡುವ ಸಿ-ಪ್ಯಾಪ್ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಅದು ಸಂಜೀವಿನಿಯಲ್ಲ. 2016ರಲ್ಲಿ ಪ್ರಕಟವಾದ, 2,700ಕ್ಕೂ ಹೆಚ್ಚು ಹೃದಯ ಮತ್ತು ಮೆದುಳಿನ ರಕ್ತನಾಳದ ರೋಗಿಗಳ ಅಧ್ಯಯನದಲ್ಲಿ ಯಂತ್ರವು ಹೃದಯಾಘಾತವನ್ನಾಗಲಿ ಪಾರ್ಶ್ವವಾಯುವನ್ನಾಗಲಿ ಕಡಿಮೆ ಮಾಡಲಿಲ್ಲ. ಹಗಲು ನಿದ್ದೆ ತಗ್ಗಿತು, ಮನಸ್ಸಿನ ಸ್ಥಿತಿ ಸುಧಾರಿಸಿತು. ನೆನಪು, ವಿವೇಚನೆಗಳಲ್ಲಿ ಲಾಭ ಸಾಮಾನ್ಯವಾಗಿ ಅಲ್ಪ. ಎಲ್ಲರಿಗೂ ಒಂದೇ ತೆರನಲ್ಲ.

ನನ್ನ ಅನುಭವವೂ ಅಷ್ಟೇ. ಮೊದಲ ತಿಂಗಳು ಮುಖವಾಡವನ್ನು ಕಿತ್ತೆಸೆಯುವಂತಾಗುತ್ತಿತ್ತು. ಮೂರನೆಯ ತಿಂಗಳಿನಿಂದ ಸಿಡುಕು ಇಳಿಯಿತು, ಓದಿದ್ದು ತಲೆಯಲ್ಲಿ ನಿಲ್ಲತೊಡಗಿತು. ಆಗ ಹಳೆಯ ದಿನಚರಿಗಳನ್ನು ತಿರುವಿಹಾಕುತ್ತಿದ್ದಾಗ ಒಂದು ಪುಟ ನನ್ನನ್ನು ತಡೆಯಿತು. ಹುಟ್ಟೂರು ಕಮಲಾಪುರದಲ್ಲಿ ನಮ್ಮದೊಂದು ಕೆಂಪು ಬಾಳೆಯ ತೋಟವಿದೆ. ತಮ್ಮ ಅದರ ಲೆಕ್ಕ ಒಪ್ಪಿಸಲಿಲ್ಲವೆಂದು ಪಾಲಿನ ದಿನ ನೆಂಟರೆದುರೇ ಅವನನ್ನು ಮೋಸಗಾರನೆಂದಿದ್ದೆ. ಒಪ್ಪಿಸಿದ್ದ ಲೆಕ್ಕ ನನ್ನದೇ ಕೈಬರಹದಲ್ಲಿ ಅಲ್ಲಿತ್ತು. ಆರು ವರ್ಷ ನಾವು ಮಾತನಾಡಿರಲಿಲ್ಲ.

ತಪ್ಪನ್ನು ಕಾಯಿಲೆಯ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ. ಮರೆವು ಕಾಯಿಲೆಯದಿರಬಹುದು, ಆ ಮಾತು ನನ್ನದು. ಕಮಲಾಪುರಕ್ಕೆ ಹೋಗಿ ದಿನಚರಿಯನ್ನು ತಮ್ಮನ ಮುಂದಿಟ್ಟು ಕ್ಷಮೆ ಕೇಳಿದೆ. ಅವನು ಪುಟವನ್ನು ಓದಿ, ಏನೂ ಹೇಳದೆ, ಊಟಕ್ಕೆ ಎಲೆ ಹಾಕಿಸಿದ. ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತಲ್ಲೇ ನಿದ್ದೆಹೋದ. ಗೊರಕೆ ಏರಿತು, ತಟ್ಟನೆ ನಿಂತಿತು, ಉಸಿರುಗಟ್ಟಿದಂತಾಗಿ ಮತ್ತೆ ಶುರುವಾಯಿತು. ರಾತ್ರಿಯೂ ಹೀಗೆಯೇ, ಮೋಟಾರ್ ಸೈಕಲ್ ಓಡಿಸುವಾಗಲೂ ಒಮ್ಮೆ ಕಣ್ಣು ಹತ್ತಿತ್ತು ಎಂದು ಅವನ ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು.

ಮುಂದಿನ ವಾರ ಅವನನ್ನು ಪರೀಕ್ಷೆಗಾಗಿ ಕಲಬುರಗಿಗೆ ಕರೆತರುತ್ತಿದ್ದೇನೆ. ಮೋಟಾರ್ ಸೈಕಲ್ ಬೇಡ, ಬಸ್ಸಿನಲ್ಲೇ ಬರೋಣವೆಂದು ಒಪ್ಪಿಸಿದ್ದೇನೆ.