ಹಿಮದ ಇಳಿಜಾರಿನಲ್ಲಿ ಕಾನನ್ ಡಾಯಲ್

ನಾವೆಲ್ಲ ಬಲ್ಲ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯಲರು (1859–1930) ವೈದ್ಯರೂ ಆಗಿದ್ದರು. ಆದರೆ 1893ರಲ್ಲಿ ಪತ್ನಿ ಲೂಯಿಸಾರಿಗೆ ಕ್ಷಯರೋಗವೆಂದು ತಿಳಿದಾಗ ಆ ವಿದ್ಯೆ ಕೈಗೂಡಲಿಲ್ಲ. ಅಂದು ಅದಕ್ಕೆ ಔಷಧವಿರಲಿಲ್ಲ. ಬೆಟ್ಟದ ಒಣ ಹವೆಯೊಂದೇ ಆಸರೆ. ಆಕೆಯನ್ನು ಸ್ವಿಟ್ಜರ್ಲೆಂಡಿನ ದಾವೋಸಿಗೆ ಕರೆದೊಯ್ದರು. ಇಂದು ಹಿಮಕ್ರೀಡೆಗೆ ಹೆಸರಾದ ಆ ಊರು ಅಂದು ರೋಗಿಗಳ ಊರು.

ರೋಗಿಯ ಬಳಿ ಕುಳಿತವನಿಗೂ ಬಯಲಿನ ಗಾಳಿ ಬೇಕಷ್ಟೆ. ನಾರ್ವೆಯವರ ಸ್ಕೀ ಎಂಬ ಉದ್ದನೆಯ ಮರದ ಪಟ್ಟಿಗಳನ್ನು ಕಾಲಿಗೆ ಕಟ್ಟಿ, ಬಿದ್ದು ಎದ್ದು ಜಾರಲು ಕಲಿತರು. 1894ರ ಮಾರ್ಚಿನಲ್ಲಿ ದಾವೋಸಿನ ಬ್ರಾಂಗರ್ ಸೋದರರೊಡನೆ ಫುರ್ಕಾ ಘಟ್ಟ ದಾಟಿ ಅರೋಸಾ ಸೇರಿದರು. ಕಡಿದಾದೊಂದು ಇಳಿಜಾರಿನಲ್ಲಿ ಸ್ಕೀಗಳು ಕೈತಪ್ಪಿದವು. ಕುಳಿತೇ ಜಾರಿದರು, ಷರಾಯಿ ಸವೆಯಿತು! ಈ ಫಜೀತಿಯನ್ನು ಅವರೇ ಅದೇ ವರ್ಷ ಪತ್ರಿಕೆಗೆ ಬರೆದು, ಆ ಕ್ರೀಡೆಯನ್ನು ಆಂಗ್ಲರಿಗೆ ಪರಿಚಯಿಸಿದರು. ಕೆಲವೇ ತಿಂಗಳ ಆಯುಸ್ಸೆಂದು ವೈದ್ಯರು ಹೇಳಿದ್ದ ಲೂಯಿಸಾ 1906ರವರೆಗೆ ಬದುಕಿದರು.