ತಾಯಿಯೂ ವಿಜ್ಞಾನಿಯೂ ಆಗಿದ್ದ ರಾಜೇಶ್ವರಿ ಚಟರ್ಜಿ

ಆಕಾಶವಾಣಿಯ ನಿಲಯವಿರುವ ಕದ್ರಿಯವರಾದ ನಮಗೆ ಕಣ್ಣಿಗೆ ಕಾಣದ ಅಲೆಗಳು ಅಪರಿಚಿತವಲ್ಲ. ಅಂತಹ ಅಲೆಗಳ ಅಧ್ಯಯನಕ್ಕೆ ಬಾಳನ್ನು ಮುಡಿಪಾಗಿಟ್ಟ ಕನ್ನಡನಾಡಿನ ಮಹಿಳೆಯೊಬ್ಬರನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ರಾಜೇಶ್ವರಿಯವರು ಜನಿಸಿದ್ದು 1922ರಲ್ಲಿ. ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲೇ ಅವರ ಪ್ರಾಥಮಿಕ ವಿದ್ಯಾಭ್ಯಾಸ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸಂಶೋಧನೆಗಾಗಿ ಸೇರಿದರು. ಬಳಿಕ ಸರಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿ, ಡಾಕ್ಟರೇಟ್ ಗಳಿಸಿ 1953ರಲ್ಲಿ ತಾಯ್ನಾಡಿಗೆ ಮರಳಿದರು.

ಎಂಜಿನಿಯರಿಂಗ್ ಎಂದರೆ ಪುರುಷರ ಕ್ಷೇತ್ರವೆಂದೇ ಜನ ನಂಬಿದ್ದ ಕಾಲವದು. ಅವರು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಕೂಡಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯವನ್ನು ಕಟ್ಟಿದರು. ರಾಡಾರ್ ಮೊದಲಾದ ಸಾಧನಗಳಿಗೆ ಆಧಾರವಾದ ವಿದ್ಯೆಯಿದು. ಸುಮಾರು 20 ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ನೂರಕ್ಕೂ ಮಿಕ್ಕಿದ ಸಂಶೋಧನ ಪ್ರಬಂಧಗಳು, 7 ಗ್ರಂಥಗಳು ಅವರ ಲೇಖನಿಯಿಂದ ಬಂದವು. 1982ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂಡದೆ ಸ್ತ್ರೀಯರ ಏಳಿಗೆಗಾಗಿ ದುಡಿದರು. 2010ರ ಸೆಪ್ಟೆಂಬರ್ 3ರಂದು ಇಹಲೋಕ ತ್ಯಜಿಸಿದರು.

ಮಗಳು ಇಂದಿರಾ ತಾಯಿಯ ದಾರಿಯನ್ನೇ ಹಿಡಿದು, ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ಅಜ್ಜಿ ತೆರೆದ ಶಾಲೆಯ ಫಲ ಮರಿಮಗಳವರೆಗೂ ಸಂದಿತು. ಮಗಳ ಮದುವೆಗೆಂದು ವರ್ಷಗಟ್ಟಲೆ ಹಣ ಕೂಡಿಡುವ ತಂದೆತಾಯಂದಿರು ಅವಳ ಓದಿಗೂ ಅಷ್ಟೇ ಶ್ರದ್ಧೆಯಿಂದ ಕೂಡಿಡಲಿ. ಒಡವೆ ಒಬ್ಬಳನ್ನು ಅಲಂಕರಿಸೀತು. ವಿದ್ಯೆ ತಲೆಮಾರುಗಳನ್ನು ಬೆಳಗುತ್ತದೆ.