ಧ್ಯಾನವನ್ನು ಮನೆಮನೆಗೆ ಕೊಟ್ಟ ಮಹಾಭಿಕ್ಷು: ಪೂಜ್ಯ ಲೆಡಿ ಸಯಾಡೊ ಅವರ ಜೀವನ ಚರಿತ್ರೆ

ನದಿ ಮತ್ತು ಗುಡ್ಡಗಳ ನಾಡು

ಬರ್ಮಾ ದೇಶದಲ್ಲಿ, ಅಂದರೆ ಈಗಿನ ಮ್ಯಾನ್ಮಾರ್‌ನಲ್ಲಿ, ಐರಾವತಿ ನದಿಯ ದಡದ ಮೇಲೆ ಸಗೈಂಗ್ ಎಂಬ ಊರಿದೆ. ಊರಿಗೆ ಅಂಟಿಕೊಂಡೇ ಗುಡ್ಡಗಳ ಸಾಲು. ಆ ಗುಡ್ಡಗಳ ಮೇಲೆ ಬಿಳಿ ಮತ್ತು ಹೊನ್ನಿನ ಬಣ್ಣದ ನೂರಾರು ಪಗೋಡಗಳು, ನಡುನಡುವೆ ಭಿಕ್ಷುಗಳ ವಿಹಾರಗಳು, ಸನ್ಯಾಸಿನಿಯರ ಮಠಗಳು, ಧ್ಯಾನದ ಕುಟೀರಗಳು. ತಲತಲಾಂತರದಿಂದ ಏಕಾಂತ ಬಯಸಿದ ಸಾಧಕರು ಬಂದು ಕುಳಿತ ಜಾಗ ಇದು. ಇಲ್ಲಿಂದ ವಾಯವ್ಯ ದಿಕ್ಕಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದರೆ ಚಿಂದ್ವಿನ್ ನದಿ, ಅದರ ಪೂರ್ವ ದಡದಲ್ಲಿ ಮೊನಿವಾ ಪಟ್ಟಣ ಸಿಗುತ್ತದೆ. ಅಲ್ಲೂ ಹೊಳೆಯ ಆಚೆ ಗುಡ್ಡ, ಗುಡ್ಡದ ಮೇಲೆ ಪಗೋಡ. ಇಂದು ಈ ಇಡೀ ಭಾಗಕ್ಕೆ ಸಗೈಂಗ್ ಪ್ರಾಂತ್ಯ ಎಂದೇ ಹೆಸರು.

ಧ್ಯಾನ ಅಂದರೆ ಕಾಡಿನಲ್ಲಿರುವ ಸನ್ಯಾಸಿಗಳಿಗೆ ಮಾತ್ರ ಎಂದು ಜನ ತಿಳಿದಿದ್ದ ಕಾಲವೊಂದಿತ್ತು. ಅದನ್ನು ರೈತನಿಗೂ ವ್ಯಾಪಾರಿಗೂ ಮನೆಯ ಹೆಣ್ಣುಮಕ್ಕಳಿಗೂ ತಲುಪಿಸಿದ ಮಹಾತ್ಮರು ಇದೇ ಸೀಮೆಯವರು. ಅವರೇ ಪೂಜ್ಯ ಲೆಡಿ ಸಯಾಡೊ. ಸಯಾಡೊ ಎಂದರೆ ಬರ್ಮೀ ಭಾಷೆಯಲ್ಲಿ ಹಿರಿಯ ಗುರುಗಳು ಎಂದರ್ಥ.

ಜನನ ಮತ್ತು ಬಾಲ್ಯ

ಇವರು ಹುಟ್ಟಿದ್ದು 1846ರಲ್ಲಿ, ಶ್ವೇಬೊ ಜಿಲ್ಲೆಯ ಸೈಂಗ್‌ಪ್ಯಿನ್ ಎಂಬ ಹಳ್ಳಿಯಲ್ಲಿ. ಅದು ನಮ್ಮ ಬಯಲುಸೀಮೆಯ ಹಾಗೆ ಮಳೆ ಕಮ್ಮಿ ಇರುವ, ತಾಳೆ ಮರಗಳ ಸೀಮೆ. ತಂದೆ ತಾಯಿ ಇಟ್ಟ ಹೆಸರು ಮೌಂಗ್ ಟೆಟ್ ಖೌಂಗ್. ಟೆಟ್ ಎಂದರೆ ಮೇಲೇರುವುದು, ಖೌಂಗ್ ಎಂದರೆ ಶಿಖರ. ಹೆಸರಿಗೆ ತಕ್ಕಂತೆ ಬಾಳಿದರು.

ಆಗೆಲ್ಲ ಬರ್ಮಾದ ಹಳ್ಳಿ ಮಕ್ಕಳಿಗೆ ವಿಹಾರವೇ ಶಾಲೆ, ಭಿಕ್ಷುಗಳೇ ಮೇಷ್ಟ್ರು. ಹುಡುಗ ಅಲ್ಲೇ ಅಕ್ಷರ ಕಲಿತ, ಪಾಳಿ ಪಾಠಗಳನ್ನು ಬಾಯಿಪಾಠ ಮಾಡಿದ. 15ನೇ ವಯಸ್ಸಿಗೆ ಶ್ರಾಮಣೇರ ದೀಕ್ಷೆ ಪಡೆದಾಗ ಸಿಕ್ಕ ಹೆಸರು ಞಾಣಧಜ, ಅಂದರೆ ಜ್ಞಾನದ ಧ್ವಜ.

ಹದಿನೆಂಟರ ಹರೆಯದಲ್ಲಿ ಒಂದು ತಿರುವು ಬಂತು. ತ್ರಿಪಿಟಕವೊಂದನ್ನೇ ಓದುವುದು ಸಾಲದು, ಲೋಕದ ಬೇರೆ ವಿದ್ಯೆಗಳೂ ಬೇಕು ಎಂಬ ಹಂಬಲ ಅವರಿಗೆ. ಕಾವಿ ಬಟ್ಟೆ ಬಿಚ್ಚಿಟ್ಟು ಮನೆಗೆ ಹೋಗಿಬಿಟ್ಟರು. ಆರು ತಿಂಗಳು ಕಳೆದ ಮೇಲೆ ಗುರುಗಳು ಕರೆಸಿಕೊಂಡರು. ಬೈಯಲಿಲ್ಲ, ಬಲವಂತ ಮಾಡಲಿಲ್ಲ. ಓದಿನ ಹಸಿವಿದ್ದರೆ ಅದನ್ನೇ ಮುಂದುವರಿಸು ಎಂದು ದಾರಿ ತೋರಿದರು. ಹುಡುಗ ವೇದವಿದ್ಯೆ ಕಲಿಯಬೇಕೆಂದಾಗ ಅದಕ್ಕೂ ಒಬ್ಬ ಭಿಕ್ಷುವಿನ ಬಳಿ ಕಳುಹಿಸಿಕೊಟ್ಟರು. ಎಂಟು ತಿಂಗಳು ಅದನ್ನೂ ಕಲಿತದ್ದಾಯಿತು. ಮನಸ್ಸು ತಿಳಿಯಾಯಿತು. ಮತ್ತೆ ಕಾವಿ ತೊಟ್ಟವರು ಕೊನೆಯ ಉಸಿರಿನವರೆಗೂ ಬಿಡಲಿಲ್ಲ. 1866ರಲ್ಲಿ, 20ನೇ ವಯಸ್ಸಿಗೆ, ಪೂರ್ಣ ಭಿಕ್ಷು ದೀಕ್ಷೆಯಾಯಿತು.

ಮಂಡಲೆಯಲ್ಲಿ ವಿದ್ಯಾಭ್ಯಾಸ

1867ರಲ್ಲಿ ಮಳೆಗಾಲದ ವರ್ಷಾವಾಸಕ್ಕೆ ಮುಂಚೆ ಅವರು ರಾಜಧಾನಿ ಮಂಡಲೆಗೆ ಬಂದರು. ಆಗ ಆಳುತ್ತಿದ್ದವನು ಧರ್ಮಿಷ್ಠನಾದ ಮಿಂಡೋನ್ ದೊರೆ. ಊರಿನಲ್ಲಿ ಹೆಸರಾದ ಸಾನ್ ಚಾಂಗ್ ವಿಹಾರದಲ್ಲಿ ಸಾವಿರಾರು ವಿದ್ಯಾರ್ಥಿ ಭಿಕ್ಷುಗಳಿದ್ದರು. ಒಮ್ಮೆ ಅಲ್ಲಿನ ಗುರುಗಳು ಬೋಧಿಸತ್ವನ ಪಾರಮಿಗಳ ಕುರಿತು 20 ಪ್ರಶ್ನೆಗಳನ್ನು ಎಲ್ಲರ ಮುಂದಿಟ್ಟರು. ತೃಪ್ತಿಯಾಗುವಂತೆ ಉತ್ತರ ಕೊಟ್ಟವರು ಞಾಣಧಜರೊಬ್ಬರೇ. ಆ ಉತ್ತರಗಳೇ ಮುಂದೆ ಪಾರಮೀ ದೀಪನಿ ಎಂಬ ಗ್ರಂಥವಾದವು.

1871ರಲ್ಲಿ ಮಿಂಡೋನ್ ದೊರೆ ಐದನೇ ಧರ್ಮ ಸಂಗೀತಿಯನ್ನು ನಡೆಸಿದ. ತ್ರಿಪಿಟಕವನ್ನು ಅಮೃತಶಿಲೆಯ 729 ಫಲಕಗಳ ಮೇಲೆ ಕೆತ್ತಿಸಿ, ಮಂಡಲೆ ಬೆಟ್ಟದ ಬುಡದಲ್ಲಿ ಕುಥೊಡಾ ಪಗೋಡದ ಸುತ್ತ ನಿಲ್ಲಿಸಿದ. ಒಂದೊಂದು ಕಲ್ಲಿಗೂ ಒಂದೊಂದು ಪುಟ್ಟ ಗುಡಿ. ಆ ಸಂಗೀತಿಯಲ್ಲಿ ಕಥಾವತ್ಥು ಎಂಬ ಕಠಿಣ ಅಭಿಧಮ್ಮ ಗ್ರಂಥವನ್ನು ಪುಸ್ತಕ ನೋಡದೆ ಒಪ್ಪಿಸಿದ ಇಪ್ಪತ್ತೈದರ ಆಸುಪಾಸಿನ ಭಿಕ್ಷು ಇವರೇ. ಪರೀಕ್ಷೆಗಳನ್ನು ಮುಗಿಸಿ ಅಲ್ಲೇ ಪಾಳಿ ಅಧ್ಯಾಪಕರೂ ಆದರು.

ಹಗಲು ಪಾಠ, ರಾತ್ರಿ ಧ್ಯಾನ

ಹೆಸರು, ಮರ್ಯಾದೆ, ಅರಮನೆಯ ನೆರಳು ಎಲ್ಲವೂ ಇದ್ದ ಮಂಡಲೆಯನ್ನು ಬಿಟ್ಟು ಅವರು 1882ರ ಸುಮಾರಿಗೆ ಮೊನಿವಾಕ್ಕೆ ಹೋದರು. ಆಗ ಅವರಿಗೆ 36 ವರ್ಷ. ಹಗಲು ಹೊತ್ತು ಭಿಕ್ಷುಗಳಿಗೆ ಪಾಳಿ ಪಾಠ. ಸಂಜೆಯಾದರೆ ಚಿಂದ್ವಿನ್ ನದಿ ದಾಟಿ ಪಶ್ಚಿಮ ದಡಕ್ಕೆ ಹೋಗುವರು. ಅಲ್ಲಿನ ಗುಡ್ಡದ ಬದಿಯಲ್ಲಿದ್ದ ಒಂದು ಸಣ್ಣ ವಿಹಾರದಲ್ಲಿ ರಾತ್ರಿಯಿಡೀ ಧ್ಯಾನ. ಬೆಳಗಾದರೆ ಮತ್ತೆ ಹೊಳೆ ದಾಟಿ ಪಾಠಕ್ಕೆ. ಗ್ರಂಥಗಳನ್ನು ಅರೆದು ಕುಡಿದವರೇ ಆದರೂ ಓದಿದ್ದನ್ನು ತಮ್ಮ ಮೈಮನಸ್ಸಿನಲ್ಲೇ ಕಂಡುಕೊಳ್ಳಬೇಕೆಂಬ ತವಕ ಅವರದು.

ರಾಜ್ಯ ಹೋದ ಕಾಲ

1885ರ ನವೆಂಬರ್‌ನಲ್ಲಿ ಇಂಗ್ಲಿಷರ ಸೇನೆ ಮಂಡಲೆಯನ್ನು ಹಿಡಿಯಿತು. ಮಿಂಡೋನನ ಮಗ ಥೀಬಾ ದೊರೆಯನ್ನು ಹಡಗು ಹತ್ತಿಸಿ ದೇಶದಿಂದಾಚೆ ಸಾಗಿಸಿದರು. ಆತ ನಮ್ಮ ಪಕ್ಕದ ಕೊಂಕಣ ಕರಾವಳಿಯ ರತ್ನಾಗಿರಿಯಲ್ಲಿ ಸೆರೆಯಲ್ಲಿದ್ದು, 1916ರಲ್ಲಿ ಅಲ್ಲೇ ತೀರಿಕೊಂಡ.

ದೊರೆಯೇ ಧರ್ಮದ ಪೋಷಕನಾಗಿದ್ದ ನಾಡು ಅದು. ಭಿಕ್ಷುಗಳ ಪರೀಕ್ಷೆ, ವಿಹಾರಗಳ ಖರ್ಚು, ಪಗೋಡಗಳ ಜೀರ್ಣೋದ್ಧಾರ ಎಲ್ಲಕ್ಕೂ ಅರಮನೆಯೇ ಆಸರೆ. ಆಸರೆ ತಪ್ಪಿದಾಗ, ಬುದ್ಧಧರ್ಮವೇ ಈ ನೆಲದಿಂದ ಅಳಿದು ಹೋಗುತ್ತದೋ ಏನೋ ಎಂಬ ದಿಗಿಲು ಊರೂರಿನಲ್ಲೂ ಹಬ್ಬಿತು. ಕೆಲವರು ಕತ್ತಿ ಹಿಡಿದರು. ಞಾಣಧಜರು ಹಿಡಿದದ್ದು ಬೇರೆ ದಾರಿ. 1886ರಲ್ಲಿ ಅವರು ಮೊನಿವಾದ ಉತ್ತರಕ್ಕಿದ್ದ ಲೆಡಿ ಎಂಬ ಕಾಡು ಸೇರಿದರು. ಮರದ ಕೆಳಗೆ ಧ್ಯಾನಕ್ಕೆ ಕೂತರು. ಹುಡುಕಿಕೊಂಡು ಬಂದ ಭಿಕ್ಷುಗಳಿಗೆ ಅಲ್ಲೇ ಪಾಠ ಹೇಳಿದರು. ಅಲ್ಲಿ ಎದ್ದ ವಿಹಾರಕ್ಕೆ ಲೆಡಿ ತೊಯಾ ಎಂದು ಹೆಸರಾಯಿತು. ಜನ ಅವರನ್ನೂ ಲೆಡಿ ಸಯಾಡೊ ಅಂತಲೇ ಕರೆದರು.

ಆ ದಿನಗಳಲ್ಲೇ ಅವರು ಗೋವಿನ ಕುರಿತು ಒಂದು ಬಹಿರಂಗ ಪತ್ರ ಬರೆದರು. ಹೊಸ ಆಡಳಿತದ ಜೊತೆ ದನದ ಮಾಂಸದ ವ್ಯಾಪಾರವೂ ಹೆಚ್ಚುತ್ತಿತ್ತು. ಹೊಲ ಉತ್ತು, ಗಾಡಿ ಎಳೆದು, ಮನುಷ್ಯನಿಗೆ ಅನ್ನ ಕೊಡುವ ಜೀವವನ್ನು ಕೊಂದು ತಿನ್ನುವುದು ಕೃತಘ್ನತೆ ಎಂಬುದು ಪತ್ರದ ಸಾರ. ಅದನ್ನು ಓದಿ ಕೇಳಿ ಗೋಮಾಂಸ ಬಿಟ್ಟವರು ಎಷ್ಟೋ ಜನ.

ದೊರೆಯ ಬದಲು ಜನ

ದೊರೆ ಇಲ್ಲದ ಮೇಲೆ ಧರ್ಮವನ್ನು ಉಳಿಸಬೇಕಾದವರು ಯಾರು? ಸಯಾಡೊ ಅವರು ಕಂಡುಕೊಂಡ ಉತ್ತರ, ಸಾಮಾನ್ಯ ಜನ. ಒಬ್ಬೊಬ್ಬ ಗೃಹಸ್ಥನೂ ಧರ್ಮವನ್ನು ತಾನೇ ತಿಳಿದು ತಾನೇ ಆಚರಿಸಿದರೆ ಯಾವ ಸರ್ಕಾರ ಬಂದರೂ ಅದಕ್ಕೆ ಅಳಿವಿಲ್ಲ. ಅವರ ಮುಂದಿನ ಬದುಕೆಲ್ಲ ಇದಕ್ಕೇ ಮುಡಿಪಾಯಿತು.

ಅವರು ನಾಡೆಲ್ಲ ಸುತ್ತಿದರು. ಅವರ ಉಪನ್ಯಾಸಕ್ಕೆ ಜಾತ್ರೆಯ ಹಾಗೆ ಜನ ಸೇರುತ್ತಿದ್ದರು. ಹೋದ ಊರಿನಲ್ಲೆಲ್ಲ ಅಭಿಧಮ್ಮ ಕಲಿಯುವ ಕೂಟಗಳನ್ನು ಕಟ್ಟಿದರು. ಅಭಿಧಮ್ಮ ಅಂದರೆ ಮನಸ್ಸಿನ ವ್ಯಾಪಾರಗಳನ್ನು ಬಿಡಿಸಿ ಹೇಳುವ ಶಾಸ್ತ್ರ. ಅದುವರೆಗೆ ಅದು ಪಂಡಿತ ಭಿಕ್ಷುಗಳ ಸೊತ್ತು. ಸಯಾಡೊ ಅವರು ಅದರ ಸಾರವನ್ನು ಸುಲಭವಾದ ಬರ್ಮೀ ಪದ್ಯಗಳಲ್ಲಿ ಬರೆದು ಪರಮತ್ಥ ಸಂಖಿತ್ತ ಎಂಬ ಪುಸ್ತಕ ಮಾಡಿದರು. ಗಂಡಸರು, ಹೆಂಗಸರು, ಮಕ್ಕಳು ಅದನ್ನು ಬಾಯಿಪಾಠ ಮಾಡಿದರು.

ಅವರು ಬರೆದ ಗ್ರಂಥಗಳು ಎಪ್ಪತ್ತಕ್ಕೂ ಹೆಚ್ಚು. ಬಹುಪಾಲು ಪುಸ್ತಕಗಳ ಹೆಸರಿನ ಕೊನೆಗೆ ದೀಪನಿ ಎಂದಿದೆ, ಅಂದರೆ ಬೆಳಕು ತೋರುವಂಥದ್ದು. 1897ರ ಪರಮತ್ಥ ದೀಪನಿಯಲ್ಲಿ ಬಹುಕಾಲದಿಂದ ಎಲ್ಲರೂ ಒಪ್ಪಿದ್ದ ಒಂದು ಹಳೆಯ ಟೀಕೆಯ ತಪ್ಪುಗಳನ್ನು ಎತ್ತಿ ತೋರಿಸಿದರು. ಪಂಡಿತರು ಸಿಟ್ಟಾದರು, ಖಂಡನೆಯ ಪುಸ್ತಕಗಳು ಒಂದರ ಹಿಂದೆ ಒಂದು ಬಂದವು. ಸಯಾಡೊ ಅವರು ತಮ್ಮ ಕೆಲಸ ನಿಲ್ಲಿಸಲಿಲ್ಲ.

ಈ ನಡುವೆ ಭಾರತಕ್ಕೂ ಯಾತ್ರೆ ಬಂದು ಭಗವಾನ್ ಬುದ್ಧನ ಪುಣ್ಯಸ್ಥಳಗಳ ದರ್ಶನ ಮಾಡಿ ಹೋದರು. 1911ರಲ್ಲಿ ಸರ್ಕಾರ ಅಗ್ಗಮಹಾಪಂಡಿತ ಎಂಬ ಬಿರುದು ಕೊಟ್ಟಿತು. ಲಂಡನ್ನಿನ ಪಾಳಿ ಟೆಕ್ಸ್ಟ್ ಸೊಸೈಟಿಯ ವಿದ್ವಾಂಸೆ ಶ್ರೀಮತಿ ರೈಸ್ ಡೇವಿಡ್ಸ್ ಅವರು ಪತ್ರ ಬರೆದು ಇವರಿಂದ ಸಂದೇಹ ಪರಿಹರಿಸಿಕೊಂಡರು.

ಕಲಿಸಿದ ಸಾಧನೆ

ಸಯಾಡೊ ಅವರು ಹೇಳಿಕೊಟ್ಟ ಸಾಧನೆ ಕೇಳಲು ಬಹಳ ಸರಳ. ಮೊದಲು ಆನಾಪಾನ. ಬೆನ್ನು ನೆಟ್ಟಗೆ ಮಾಡಿ ಕೂತು, ಮೂಗಿನ ಹೊಳ್ಳೆಯ ಹತ್ತಿರ ಒಳಗೆ ಹೋಗುವ ಉಸಿರು, ಹೊರಗೆ ಬರುವ ಉಸಿರನ್ನು ಗಮನಿಸುವುದು. ಮನಸ್ಸು ಓಡಿಹೋದರೆ ಮತ್ತೆ ಉಸಿರಿಗೇ ತರುವುದು. ಮೊದಮೊದಲು ಬೇಕಾದರೆ ಉಸಿರನ್ನು ಎಣಿಸಬಹುದು. ಮನಸ್ಸು ನಿಂತ ಮೇಲೆ ವಿಪಶ್ಯನ. ಮೈಯಲ್ಲಿ ಹುಟ್ಟಿ ಹುಟ್ಟಿ ಅಳಿಯುವ ಸಂವೇದನೆಗಳನ್ನು ನೋಡುತ್ತ, ಎಲ್ಲವೂ ಅನಿತ್ಯ ಎಂಬುದನ್ನು ಸ್ವಂತ ಅನುಭವದಿಂದ ಅರಿಯುವುದು. ಇದಕ್ಕೆ ಮನೆ ಮಠ ಬಿಡಬೇಕಿಲ್ಲ, ಮೊದಲೇ ದೊಡ್ಡ ಸಮಾಧಿ ಸ್ಥಿತಿ ಸಿದ್ಧಿಸಬೇಕೆಂದೂ ಇಲ್ಲ ಎಂಬುದು ಅವರ ಬೋಧನೆ.

ಒಬ್ಬ ರೈತ ಗುರುವಾದದ್ದು

ರಂಗೂನಿನ ಹೊಳೆಯಾಚೆ ಪ್ಯಾಬ್ವೆಜಿ ಎಂಬ ಹಳ್ಳಿಯಿದೆ. ಅಲ್ಲಿ ಪೊ ಥೆಟ್ ಎಂಬ ಗೃಹಸ್ಥರಿದ್ದರು. 1903ರಲ್ಲಿ ಕಾಲರಾ ಬಂದು, ಅವರ ಮಗನನ್ನೂ ಇನ್ನೂ ಎಳೆಯ ಮಗಳನ್ನೂ ಕೊಂಡೊಯ್ದಿತು. ಸಾವಿಲ್ಲದ್ದು ಏನಾದರೂ ಉಂಟೇ ಎಂದು ಹುಡುಕುತ್ತ ಅವರು ಮನೆ ಬಿಟ್ಟು ಹೊರಟರು. ಊರೂರು ಅಲೆದು ಕೊನೆಗೆ ಲೆಡಿ ಸಯಾಡೊ ಅವರ ಪಾದಕ್ಕೆ ಬಂದರು. ಅಲ್ಲಿ ಏಳು ವರ್ಷ ಸಾಧನೆ ಮಾಡಿದರು. ಅಷ್ಟು ಕಾಲವೂ ಹೆಂಡತಿ ಮತ್ತು ಆಕೆಯ ಸಹೋದರಿ ಹೊಲ ನೋಡಿಕೊಂಡು ಇವರ ಖರ್ಚಿಗೆ ಹಣ ಕಳುಹಿಸಿದರು. ಆ ತಾಯಂದಿರ ತಪಸ್ಸೂ ಕಮ್ಮಿಯದಲ್ಲ.

ಅವರು ಊರಿಗೆ ಮರಳಿದ ಮೇಲೆ, 1915ರ ಸುಮಾರಿಗೆ, ಸಯಾಡೊ ಅವರು ತಮ್ಮ ಭಿಕ್ಷುಗಳ ಎದುರಿಗೇ ಈ ಗೃಹಸ್ಥನ ಕೈಗೆ ತಮ್ಮ ಊರುಗೋಲನ್ನು ಕೊಟ್ಟು, ಧ್ಯಾನ ಕಲಿಸುವಂತೆ ಅಪ್ಪಣೆ ಮಾಡಿದರೆಂದು ಶಿಷ್ಯ ಪರಂಪರೆಯಲ್ಲಿ ಹೇಳುತ್ತಾರೆ. ಕಾವಿ ಉಟ್ಟವರು ಬಿಳಿ ಬಟ್ಟೆಯವನಿಂದ ಕಲಿಯುವುದೇ ಎಂದು ಅಚ್ಚರಿಪಡುವ ಕಾಲ ಅದು. ರೈತರು ಸಂಕೋಚದಿಂದ ಹಿಂಜರಿದರೂ ಗುರುಗಳು ಬಿಡಲಿಲ್ಲ. ಮುಂದೆ ಅವರೇ ಸಯಾ ಥೆಟ್‌ಜಿ ಎಂದು ಪ್ರಸಿದ್ಧರಾದರು.

ಪಾದರಕ್ಷೆಯ ಪ್ರಶ್ನೆ

ಇಂದು ಬರ್ಮಾದ ಯಾವ ಪಗೋಡಕ್ಕೆ ಹೋದರೂ ಮೆಟ್ಟಿಲ ಬುಡದಲ್ಲೇ ಚಪ್ಪಲಿ, ಬೂಟು, ಕಾಲುಚೀಲ ಬಿಡಬೇಕು. ಇದರ ಹಿಂದೆಯೂ ಸಯಾಡೊ ಅವರ ಶ್ರಮವಿದೆ. ಇಂಗ್ಲಿಷರ ಕಾಲದಲ್ಲಿ ಐರೋಪ್ಯರು ಬೂಟು ಹಾಕಿಕೊಂಡೇ ಪಗೋಡಗಳ ಅಂಗಳಕ್ಕೆ ಬರುತ್ತಿದ್ದರು. ಜನರಿಗೆ ಇದು ಎದೆಗೆ ಒದ್ದಂತಾಗುತ್ತಿತ್ತು, ಆದರೆ ಕೇಳುವವರಿಲ್ಲ. ಇದು ಸಲ್ಲದು ಎಂದು ವಾದಿಸಿ ಸಯಾಡೊ ಅವರು ಒಂದು ಪುಸ್ತಕವನ್ನೇ ಬರೆದರು. ಅವರಂಥ ಪಂಡಿತರು ಬರೆದ ಮೇಲೆ ಚಳವಳಿಗೆ ಆನೆಬಲ ಬಂತು. ಕೊನೆಗೆ 1919ರಲ್ಲಿ, ಆಯಾ ಪಗೋಡದ ನಿಯಮವನ್ನು ಅಲ್ಲಿನ ಹಿರಿಯ ಭಿಕ್ಷುಗಳೇ ಗೊತ್ತುಮಾಡಬಹುದೆಂದು ಸರ್ಕಾರ ಒಪ್ಪಿತು.

ಕಣ್ಣು ಹೋದ ಮೇಲೆ

ರಾತ್ರಿಗಳಲ್ಲಿ ದೀಪದ ಬೆಳಕಿನಲ್ಲಿ ಓದಿ ಬರೆದು ಸಯಾಡೊ ಅವರ ಕಣ್ಣು ಸವೆದಿದ್ದವು. 73ನೇ ವಯಸ್ಸಿಗೆ ದೃಷ್ಟಿ ಪೂರಾ ಹೋಯಿತು. ಜೀವಮಾನವೆಲ್ಲ ಗ್ರಂಥದೊಡನೆ ಕಳೆದವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ! ಆದರೆ ಅವರು ಕೊರಗುತ್ತ ಕೂರಲಿಲ್ಲ. ಉಳಿದ ಕಾಲವನ್ನೆಲ್ಲ ಧ್ಯಾನಕ್ಕೂ ಧ್ಯಾನ ಕಲಿಸುವುದಕ್ಕೂ ಮೀಸಲಿಟ್ಟರು. ಓದುವುದಕ್ಕೆ ಕಣ್ಣು ಬೇಕು, ಉಸಿರನ್ನು ನೋಡಲು ಬೇಡವಲ್ಲ. 1923ರಲ್ಲಿ, 77ನೇ ವಯಸ್ಸಿನಲ್ಲಿ, ಪ್ಯಿನ್‌ಮನಾ ಎಂಬಲ್ಲಿ ದೇಹ ಬಿಟ್ಟರು. ಅವರ ಗ್ರಂಥಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಮೊನಿವಾದ ಲೆಡಿ ವಿಹಾರದಲ್ಲಿ ಇರಿಸಲಾಗಿದೆ.

ನಮ್ಮವರೆಗೆ ಬಂದ ದೀಪ

ಸಯಾ ಥೆಟ್‌ಜಿ ಅವರಿಂದ 1937ರಲ್ಲಿ ಊ ಬಾ ಖಿನ್ ಎಂಬ ಸರ್ಕಾರಿ ಅಧಿಕಾರಿ ಧ್ಯಾನ ಕಲಿತರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಇವರು ಅಕೌಂಟೆಂಟ್ ಜನರಲ್ ಆದರು. ಕಚೇರಿಯ ಕೆಲಸ ಬಿಡದೆಯೇ ಧ್ಯಾನದ ಗುರುವೂ ಆದರು. ಮಂಡಲೆಯಲ್ಲಿ ಹುಟ್ಟಿದ ಭಾರತೀಯ ಮೂಲದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅವರು ತಲೆನೋವಿನ ಬಾಧೆಯಿಂದ ಬೇಸತ್ತು 1955ರಲ್ಲಿ ಊ ಬಾ ಖಿನ್ ಅವರ ಬಳಿ ಬಂದರು. 1969ರಲ್ಲಿ ಗೋಯೆಂಕಾ ಅವರು ಈ ವಿದ್ಯೆಯನ್ನು ಭಾರತಕ್ಕೆ ತಂದರು. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲಿ ಹತ್ತು ದಿನ ಮೌನದಲ್ಲಿ ಕೂರುವ ಕನ್ನಡಿಗರು ನೋಡುವ ಉಸಿರು, ಚಿಂದ್ವಿನ್ ದಡದ ಗುಡ್ಡದಲ್ಲಿ ಆ ಭಿಕ್ಷು ನೋಡಿದ ಉಸಿರೇ.

ಯಾತ್ರಿಕರ ಗಮನಕ್ಕೆ

ಸಗೈಂಗ್ ಗುಡ್ಡದ ಮೇಲಿನ ಸೂನ್ ಊ ಪೊನ್ಯಾ ಶಿನ್ ಪಗೋಡ 1312ರದು ಎನ್ನುತ್ತಾರೆ. ಊರಾಚೆ, ದೊಡ್ಡ ಬೋರಲು ಬಟ್ಟಲಿನಂತೆ ಕಾಣುವ ಕೌಂಗ್‌ಮುಡೊ ಪಗೋಡವನ್ನು ಥಾಲುನ್ ದೊರೆ 1636ರಲ್ಲಿ ಕಟ್ಟಲು ಶುರುಮಾಡಿದ. 2025ರ ಮಾರ್ಚ್ 28ರ ಭೂಕಂಪದಲ್ಲಿ ಸಗೈಂಗ್‌ಗೆ ಬಹಳ ಹಾನಿಯಾಯಿತು. ಪಗೋಡಗಳು, ವಿಹಾರಗಳು ಬಿದ್ದವು, 1934ರ ಹಳೆಯ ಸೇತುವೆಯೂ ಕುಸಿಯಿತು. 2021ರಿಂದ ಆ ಪ್ರಾಂತ್ಯದಲ್ಲಿ ಕಾಳಗವೂ ನಡೆದಿದೆ. ಹೋಗಬೇಕೆನ್ನುವವರು ಸ್ಥಿತಿಗತಿ ವಿಚಾರಿಸಿಕೊಂಡೇ ಹೊರಡಬೇಕು. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಭಿಕ್ಷುಗಳು ಮಧ್ಯಾಹ್ನದ ಮೇಲೆ ಊಟ ಮಾಡುವುದಿಲ್ಲವಾದ್ದರಿಂದ ದಾನ ಕೊಡುವವರು ಅದಕ್ಕೆ ಮುಂಚೆಯೇ ಕೊಡಬೇಕು.

ಕಲ್ಲಿನ ಪಗೋಡ ಬೀಳಬಹುದು, ರಾಜ್ಯ ಹೋಗಬಹುದು, ಕಣ್ಣೂ ಹೋಗಬಹುದು. ಇವೆಲ್ಲವೂ ಹೋದ ಮೇಲೆ ಉಳಿಯುವುದನ್ನು ಲೆಡಿ ಸಯಾಡೊ ಅವರು ಜನರ ಕೈಗಿತ್ತರು. ಯಾವ ಬೆಟ್ಟ ಹತ್ತಿದ ಯಾತ್ರಿಕರೇ ಆಗಲಿ, ದರ್ಶನ ಮುಗಿದ ಮೇಲೆ ಒಂದು ಗಳಿಗೆ ನೆರಳಿನಲ್ಲಿ ಸುಮ್ಮನೆ ಕೂತು ತಮ್ಮ ಉಸಿರನ್ನು ಗಮನಿಸಿದರೆ ಅದೇ ಆ ಮಹಾತ್ಮರಿಗೆ ಸಲ್ಲಿಸುವ ಕಾಣಿಕೆ.

ಸಕಲ ಜೀವಿಗಳಿಗೂ ಮಂಗಳವಾಗಲಿ.